ಕ್ಯಾಂಪಸ್ ನವೀಕರಣ ಮತ್ತು ಸರಳ ಡಿಜಿಟಲ್ ಕಟ್ಟಡ ಮಾದರಿಗಳು

ಹಳೆಯ ಕಾಲೇಜು ಕಟ್ಟಡಕ್ಕೆ ಲಿಫ್ಟ್ ಕೂರಿಸಬೇಕು, ಪ್ರಯೋಗಾಲಯವನ್ನು ನೆಲಮಹಡಿಗೆ ಇಳಿಸಬೇಕು, ಗ್ರಂಥಾಲಯದ ಮೇಲೆ ಇನ್ನೊಂದು ಅಂತಸ್ತು ಏರಿಸಬೇಕು ಎಂಬ ಪ್ರಸ್ತಾವಗಳು ಬಂದಾಗ, ಗೋಡೆಗೆ ಕೈ ಹಚ್ಚುವ ಮೊದಲೇ ಆ ಕಟ್ಟಡದ ಮೂರು ಆಯಾಮದ ರೂಪವನ್ನು ಕಂಪ್ಯೂಟರಿನಲ್ಲಿ ಕಟ್ಟಿ ಆಗುಹೋಗು ನೋಡುವುದು ಈಗ ಅನೇಕ ವಿಶ್ವವಿದ್ಯಾಲಯಗಳಲ್ಲಿ ರೂಢಿಗೆ ಬಂದಿದೆ. ಇಂಥ ಮಾದರಿಗಳಲ್ಲಿ ಎರಡು ಬಗೆ. ಬೋಲ್ಟು, ಪೈಪು, ವಿದ್ಯುತ್ ತಂತಿಯವರೆಗೆ ಎಲ್ಲವನ್ನೂ ಹಿಡಿದಿಡುವ ದುಬಾರಿ ಮಾದರಿ ಒಂದು. ತಳವಿನ್ಯಾಸ, ಎತ್ತರ, ಮಹಡಿ, ಮೆಟ್ಟಿಲು, ಬಾಗಿಲು ಇಷ್ಟನ್ನೇ ತೋರಿಸುವ ಬೋಳು ಮಾದರಿ ಇನ್ನೊಂದು. ನವೀಕರಣದ ಮೊದಲ ಹಂತದ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಈ ಎರಡನೆಯದರಲ್ಲೇ ಸಿಗುತ್ತದೆ. ಅದನ್ನು ಒಬ್ಬ ಕಿರಿಯ ಎಂಜಿನಿಯರ್ ಕೆಲವೇ ದಿನಗಳಲ್ಲಿ ಸಿದ್ಧಪಡಿಸಬಲ್ಲ.

ಕ್ಯಾಂಪಸ್ಸಿಗೂ ಬಿಡಿ ಕಟ್ಟಡಕ್ಕೂ ಇರುವ ವ್ಯತ್ಯಾಸವೇ ಈ ಪದ್ಧತಿ ಬೆಳೆಯಲು ಕಾರಣ. ಮಾರಾಟಕ್ಕೆ ಕಟ್ಟಿದ ವಸತಿ ಸಮುಚ್ಚಯವನ್ನು ಕಟ್ಟಿದವರು ಬಿಟ್ಟು ಹೋಗುತ್ತಾರೆ. ವಿಶ್ವವಿದ್ಯಾಲಯ ಮಾತ್ರ ತನ್ನ ಕಟ್ಟಡಗಳನ್ನು ನೂರು ವರ್ಷ ಇಟ್ಟುಕೊಳ್ಳುತ್ತದೆ. ಒಬ್ಬನೇ ಮಾಲೀಕ, ಬೇರೆ ಬೇರೆ ಕಾಲದಲ್ಲಿ ಎದ್ದ ಹತ್ತಾರು ಕಟ್ಟಡಗಳು, ಒಂದು ದಿನವೂ ಪೂರ್ತಿ ಖಾಲಿಯಾಗದ ಕೊಠಡಿಗಳು. ರಸಾಯನಶಾಸ್ತ್ರದ ಪ್ರಯೋಗಾಲಯವನ್ನು ದುರಸ್ತಿಗೆಂದು ಖಾಲಿ ಮಾಡಿಸಿದರೆ ಅದು ತಾತ್ಕಾಲಿಕವಾಗಿ ಸಸ್ಯಶಾಸ್ತ್ರದ ಜಾಗಕ್ಕೆ ಬರಬೇಕು, ಸಸ್ಯಶಾಸ್ತ್ರದವರು ಸೆಮಿನಾರ್ ಹಾಲಿಗೆ ಹೋಗಬೇಕು, ಸೆಮಿನಾರ್ ಹಾಲಿನಲ್ಲಿ ನಡೆಯಬೇಕಿದ್ದ ಪರೀಕ್ಷೆ ಎಲ್ಲಿಗೆ? ಈ ಸರಪಳಿಯನ್ನು ಕಾಗದದ ಮೇಲೆ ಬಿಡಿಸಿಕೊಳ್ಳುವುದು ಕಷ್ಟ. ಬಣ್ಣ ಹಚ್ಚಿದ ಪೆಟ್ಟಿಗೆಗಳಂತೆ ಕೊಠಡಿಗಳನ್ನು ಪರದೆಯ ಮೇಲೆ ಸರಿಸಿ ನೋಡುವುದು ಸುಲಭ.

ತಂತ್ರಜ್ಞಾನದ ಮೂಲ 1960ರ ದಶಕದಷ್ಟು ಹಿಂದಿನದು. 1963ರಲ್ಲಿ ಎಂಐಟಿಯ ಇವಾನ್ ಸದರ್ಲೆಂಡ್ ತಮ್ಮ ಸ್ಕೆಚ್‌ಪ್ಯಾಡ್ ಮೂಲಕ ಪರದೆಯ ಮೇಲೆ ಗೆರೆ ಎಳೆಯಬಹುದೆಂದು ತೋರಿಸಿದರು. ಕಟ್ಟಡವನ್ನು ಗೆರೆಗಳ ಮೊತ್ತವಾಗಿ ನೋಡುವ ಬದಲು ವಸ್ತುಗಳ ಪಟ್ಟಿಯಾಗಿ, ಅಂದರೆ ಇದು ಗೋಡೆ, ಇದು ಬಾಗಿಲು, ಈ ಬಾಗಿಲು ಈ ಗೋಡೆಗೆ ಸೇರಿದ್ದು ಎಂದು ದಾಖಲಿಸುವ ವಿಚಾರವನ್ನು 1974ರ ಹೊತ್ತಿಗೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಈಸ್ಟ್‌ಮನ್ ಮಂಡಿಸಿದರು. ಇಂದು ‘ಬಿಮ್’ ಎಂದು ಕರೆಯುವ ವಿಧಾನದ ಬೀಜ ಅಲ್ಲಿದೆ. ಬುಡಾಪೆಸ್ಟ್‌ನ ಗ್ರಾಫಿಸಾಫ್ಟ್ ಕಂಪನಿಯ ಆರ್ಕಿಕ್ಯಾಡ್ 1980ರ ದಶಕದಲ್ಲೂ, ಅಮೆರಿಕದ ರೆವಿಟ್ 2000ದಲ್ಲೂ ಅದನ್ನು ವಾಸ್ತುಶಿಲ್ಪಿಗಳ ಮೇಜಿಗೆ ತಂದವು.

ಆದರೆ ಬೋಳು ಮಾದರಿಯೇ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಹಳೆಯ, ಚೆಂದದ ಉದಾಹರಣೆ ಅಮೆರಿಕದ ಚಾಪೆಲ್ ಹಿಲ್‌ನದು. ಅಲ್ಲಿನ ನಾರ್ತ್ ಕರೋಲಿನಾ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನ ವಿಭಾಗಕ್ಕೆ 1980ರ ದಶಕದಲ್ಲಿ ಸಿಟರ್‌ಸನ್ ಹಾಲ್ ಎಂಬ ಹೊಸ ಕಟ್ಟಡ ಬರುವುದಿತ್ತು. ವಿಭಾಗವನ್ನು ಕಟ್ಟಿ ಬೆಳೆಸಿದ್ದ ಫ್ರೆಡ್ರಿಕ್ ಬ್ರೂಕ್ಸ್, ಐಬಿಎಂನ ಸಿಸ್ಟಂ 360 ಕಂಪ್ಯೂಟರಿನ ಹಿಂದಿದ್ದ ಅದೇ ಬ್ರೂಕ್ಸ್, ವಾಸ್ತುಶಿಲ್ಪಿಗಳ ನಕ್ಷೆ ತೆಗೆದುಕೊಂಡು ತಮ್ಮ ವಿದ್ಯಾರ್ಥಿಗಳ ಜೊತೆ ಅದರ ಕಂಪ್ಯೂಟರ್ ಮಾದರಿ ಮಾಡಿದರು. ಸೈಕಲ್ ಹ್ಯಾಂಡಲ್ ಜೋಡಿಸಿದ ಟ್ರೆಡ್‌ಮಿಲ್ ಮೇಲೆ ನಡೆಯುತ್ತಾ, ಇನ್ನೂ ಏಳದ ಕಟ್ಟಡದೊಳಗೆ ಓಡಾಡುವ ವ್ಯವಸ್ಥೆ ಅದು. ಹಾಗೆ ಓಡಾಡಿದವರಿಗೆ ಮೊಗಸಾಲೆಯ ಒಂದು ಅಡ್ಡಗೋಡೆ ಜಾಗವನ್ನು ತೀರ ಇಕ್ಕಟ್ಟು ಮಾಡುತ್ತಿದೆ ಅನ್ನಿಸಿತು. ಬಾಯಿಮಾತಿನಲ್ಲಿ ಹೇಳಿದಾಗ ವಾಸ್ತುಶಿಲ್ಪಿಗಳು ಒಪ್ಪಲಿಲ್ಲ. ಮಾದರಿಯೊಳಗೆ ತಾವೇ ನಡೆದು ನೋಡಿದ ಮೇಲೆ ಒಪ್ಪಿದರು, ಗೋಡೆ ಸರಿಯಿತು. ಕಟ್ಟಡ 1987ರಲ್ಲಿ ತೆರೆಯಿತು. ಅಂದಿನ ಗ್ರಾಫಿಕ್ಸ್ ಇಂದಿನ ಅಗ್ಗದ ಮೊಬೈಲಿಗೂ ಸಾಟಿಯಲ್ಲ, ಆದರೂ ಗೋಡೆ ಎಲ್ಲಿರಬೇಕೆಂದು ತೀರ್ಮಾನಿಸಲು ಅಷ್ಟು ಸಾಕಾಯಿತು.

ಕೆಲವೇ ವರ್ಷಗಳಲ್ಲಿ ಬರ್ಕ್ಲಿಯಲ್ಲಿ ಕಾರ್ಲೊ ಸೆಕ್ವಿನ್ ಮತ್ತು ಸಂಗಡಿಗರು ಸೋಡಾ ಹಾಲ್ ಕಟ್ಟಡಕ್ಕೆ ಇಂಥದೇ ಮಾದರಿ ಮಾಡಿದರು. ಆ ತಂಡದಲ್ಲಿ ವಿದ್ಯಾರ್ಥಿಯಾಗಿದ್ದ ಸೆತ್ ಟೆಲ್ಲರ್ ಮುಂದೆ ಎಂಐಟಿಗೆ ಹೋಗಿ ಪ್ರಶ್ನೆಯನ್ನೇ ತಿರುಗಿಸಿದರು: ಹೊಸ ಕಟ್ಟಡ ಬಿಡಿ, ಈಗಾಗಲೇ ನಿಂತಿರುವ ಇಡೀ ಕ್ಯಾಂಪಸ್ಸನ್ನು ಮಾದರಿಗೆ ಇಳಿಸುವುದು ಹೇಗೆ? ಎಂಐಟಿಯ ನಿರ್ವಹಣಾ ವಿಭಾಗದ ಬಳಿ ಪ್ರತಿ ಮಹಡಿಯ ಎರಡು ಆಯಾಮದ ನಕ್ಷೆ ಇತ್ತು. ಟೆಲ್ಲರ್ ತಂಡ ಬರೆದ ತಂತ್ರಾಂಶ ಆ ನಕ್ಷೆಗಳನ್ನು ಓದಿ, ಗೋಡೆಗಳನ್ನು ಮೇಲಕ್ಕೆತ್ತಿ, ಬಾಗಿಲುಗಳನ್ನು ಗುರುತಿಸಿ, ಮೆಟ್ಟಿಲು ಮತ್ತು ಲಿಫ್ಟ್‌ಗಳ ಮೂಲಕ ಮಹಡಿಗೂ ಮಹಡಿಗೂ ಕೊಂಡಿ ಹಾಕಿತು. ಎಂಐಟಿಯ ಮುಖ್ಯ ಕಟ್ಟಡಗಳು ಸುಮಾರು ಕಾಲು ಕಿಲೋಮೀಟರ್ ಉದ್ದದ ‘ಇನ್ಫಿನಿಟ್ ಕಾರಿಡಾರ್’ನಿಂದ ಒಂದಕ್ಕೊಂದು ಅಂಟಿಕೊಂಡಿವೆ. ಆದ್ದರಿಂದ ಒಂದು ಕಟ್ಟಡ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದು ಯಂತ್ರಕ್ಕೆ ಕಲಿಸುವುದೇ ದೊಡ್ಡ ಕೆಲಸವಾಗಿತ್ತು. ಗಮನಿಸಬೇಕಾದದ್ದು, ಇದೆಲ್ಲ ಸಾಧ್ಯವಾದದ್ದು ನಕ್ಷೆಗಳನ್ನು ಯಾರೋ ವರ್ಷಗಟ್ಟಲೆ ತಾಳ್ಮೆಯಿಂದ ತಿದ್ದಿ ಇಟ್ಟಿದ್ದರಿಂದ.

ಜನಸಾಮಾನ್ಯರ ಕೈಗೆ ಈ ವಿದ್ಯೆ ಬಂದದ್ದು ಸ್ಕೆಚ್‌ಅಪ್‌ನಿಂದ. ಕೊಲರಾಡೊದ ಬೋಲ್ಡರ್ ಊರಿನಲ್ಲಿ ಬ್ರಾಡ್ ಶೆಲ್ ಮತ್ತು ಜೋ ಎಶ್ ಕಟ್ಟಿದ ಪುಟ್ಟ ಕಂಪನಿ 2000ದಲ್ಲಿ ಅದನ್ನು ಹೊರತಂದಿತು. ನೆಲದ ಮೇಲೆ ಆಯತ ಬರೆದು, ಮೌಸ್ ಹಿಡಿದು ಮೇಲಕ್ಕೆಳೆದರೆ ಕಟ್ಟಡ. ಇಷ್ಟೇ ಅದರ ಗುಟ್ಟು. 2006ರಲ್ಲಿ ಗೂಗಲ್ ಕೊಂಡುಕೊಂಡು ಉಚಿತ ಆವೃತ್ತಿ ಕೊಟ್ಟಿತು, 2012ರಲ್ಲಿ ಅದು ಟ್ರಿಂಬಲ್ ಪಾಲಾಯಿತು. ನಡುವೆ 2007ರಲ್ಲಿ ಗೂಗಲ್ ಉತ್ತರ ಅಮೆರಿಕದ ವಿದ್ಯಾರ್ಥಿಗಳಿಗೆ ತಮ್ಮ ಕ್ಯಾಂಪಸ್ಸನ್ನು ಮೂರು ಆಯಾಮದಲ್ಲಿ ಕಟ್ಟಿ ಗೂಗಲ್ ಅರ್ಥ್‌ಗೆ ಏರಿಸುವ ಸ್ಪರ್ಧೆ ಇಟ್ಟಿತು. ಹುಡುಗರು ಗೋಡೆಗಳ ಫೋಟೊ ತೆಗೆದು ಪೆಟ್ಟಿಗೆಗಳಿಗೆ ಅಂಟಿಸಿದರು. ನೋಡಲು ಸೊಗಸು, ಒಳಗೆ ಏನೂ ಇಲ್ಲ. ಹಾಗಿದ್ದರೂ ಕಟ್ಟಡಗಳ ಸ್ಥಾನ ಮತ್ತು ಎತ್ತರ ಸರಿಯಿದ್ದರೆ ಯಾವುದರ ನೆರಳು ಯಾವುದರ ಮೇಲೆ, ಹೊಸ ಕಟ್ಟಡ ಎದ್ದರೆ ಹಳೆಯದರ ನೋಟ ಎಷ್ಟು ಮರೆಯಾಗುತ್ತದೆ ಎಂಬ ಪ್ರಶ್ನೆಗಳಿಗೆ ಅಂಥ ಟೊಳ್ಳು ಮಾದರಿಯೂ ಸಾಕು.

ಮಾದರಿಯಲ್ಲಿ ಎಷ್ಟು ವಿವರ ಇರಬೇಕೆಂಬುದಕ್ಕೆ ಅಳತೆಗೋಲುಗಳಿವೆ. ನಗರ ಮಾದರಿಗಳಿಗಾಗಿ 2008ರಲ್ಲಿ ಬಂದ ಸಿಟಿಜಿಎಂಎಲ್ ಮಾನದಂಡ ಸೊನ್ನೆಯಿಂದ ನಾಲ್ಕರವರೆಗೆ ಐದು ಹಂತ ಹೇಳಿತು: ನೆಲದ ಗುರುತು, ಬರಿಯ ಪೆಟ್ಟಿಗೆ, ಛಾವಣಿಯ ಆಕಾರ, ಕಿಟಕಿ ಬಾಗಿಲು, ಕೊನೆಗೆ ಒಳಾಂಗಣ. ಕಟ್ಟಡ ವಿನ್ಯಾಸದವರು ಬಳಸುವ 100ರಿಂದ 500ರವರೆಗಿನ ಅಳತೆ ಬೇರೆಯದೇ. ಅದು ಆಕಾರಕ್ಕಿಂತ ಹೆಚ್ಚಾಗಿ ಮಾಹಿತಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ಸೂಚಿಸುತ್ತದೆ. ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಮೂರಕ್ಷರದ ಹೆಸರು ಇರುವುದರಿಂದ ಟೆಂಡರ್ ದಾಖಲೆಗಳಲ್ಲಿ ಗೊಂದಲ ಆಗುತ್ತಲೇ ಇರುತ್ತದೆ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ವಿಮಾನದಿಂದ ತೆಗೆದ ಲೇಸರ್ ಅಳತೆಗಳನ್ನೂ ಸರ್ಕಾರಿ ಕಟ್ಟಡ ದಾಖಲೆಯನ್ನೂ ಕೂಡಿಸಿ ಇಡೀ ದೇಶದ ಸುಮಾರು 1 ಕೋಟಿ ಕಟ್ಟಡಗಳನ್ನು ಛಾವಣಿಯ ಆಕಾರದವರೆಗೆ ಮಾದರಿಗಿಳಿಸಿ ಮುಕ್ತವಾಗಿ ಕೊಟ್ಟಿದ್ದಾರೆ. ಅಲ್ಲಿನ ಕ್ಯಾಂಪಸ್ ಯೋಜಕರಿಗೆ ಮೊದಲ ಮೆಟ್ಟಿಲು ಪುಕ್ಕಟೆ ಸಿಕ್ಕಂತೆ.

ಕರ್ನಾಟಕದ ಸಾಮಾನ್ಯ ಕಾಲೇಜೊಂದರಲ್ಲಿ ಆ ಮೊದಲ ಮೆಟ್ಟಿಲನ್ನು ಟೇಪು ಹಿಡಿದೇ ಹತ್ತಬೇಕು. 1950ರ ದಶಕದ ಎರಡಂತಸ್ತಿನ ಕಟ್ಟಡ ಎಂದಿಟ್ಟುಕೊಳ್ಳೋಣ: ಉದ್ದನೆಯ ಕಾರಿಡಾರ್, ಅದರ ಪಕ್ಕ ಸಾಲಾಗಿ ಹತ್ತು ಕೊಠಡಿ. ಲೋಕೋಪಯೋಗಿ ಇಲಾಖೆಯ ಹಳೆಯ ನೀಲಿನಕ್ಷೆ ಸಿಕ್ಕಿದರೆ ಅದು ಅಡಿ-ಅಂಗುಲದಲ್ಲಿ ಇರುತ್ತದೆ, ಏಕೆಂದರೆ ಮೆಟ್ರಿಕ್ ಪದ್ಧತಿಗೆ ದೇಶ ಪೂರ್ತಿ ಹೊರಳಿದ್ದು 1960ರ ದಶಕದ ಆರಂಭದಲ್ಲಿ. 20 ಅಡಿಯ ಕೊಠಡಿಯನ್ನು ‘6 ಮೀಟರ್ ಹಿಡಿಯಿರಿ’ ಎಂದು ಲೆಕ್ಕ ಸುಲಭ ಮಾಡಿಕೊಂಡರೆ ಒಂದು ಕೊಠಡಿಗೆ 9.6 ಸೆಂಟಿಮೀಟರ್ ಹೋಯಿತು, ಹತ್ತು ಕೊಠಡಿಗೆ ಹತ್ತಿರ ಹತ್ತಿರ ಒಂದು ಮೀಟರ್. ಇದಕ್ಕಿಂತ ದೊಡ್ಡ ಪ್ರಮಾದ ಗೋಡೆಯ ದಪ್ಪ ಮರೆಯುವುದು. ಕೊಠಡಿಗಳನ್ನು ಒಳಗಿನಿಂದಷ್ಟೇ ಅಳೆದು ಒಂದರ ಪಕ್ಕ ಒಂದು ಇಟ್ಟುಬಿಟ್ಟರೆ ಹನ್ನೊಂದು ಗೋಡೆಗಳು ಲೆಕ್ಕದಿಂದ ಮಾಯ. 23 ಸೆಂಟಿಮೀಟರ್ ಇಟ್ಟಿಗೆ ಗೋಡೆಯಾದರೆ ಎರಡೂವರೆ ಮೀಟರ್ ಕಟ್ಟಡವೇ ನಾಪತ್ತೆ. ಅದಕ್ಕೇ ಅನುಭವಸ್ಥ ಸರ್ವೇಯರುಗಳು ಮೊದಲು ಹೊರಗಿನಿಂದ ಇಡೀ ಉದ್ದ ಹಿಡಿದು, ಆಮೇಲೆ ಒಳಗಿನ ಮೊತ್ತ ಅದಕ್ಕೆ ತಾಳೆಯಾಗುತ್ತದೋ ಎಂದು ನೋಡುವುದು.

ಇಷ್ಟು ಸಿದ್ಧವಾದ ಮೇಲೆ ಮಾದರಿ ಮಾತಾಡಲು ಶುರು ಮಾಡುತ್ತದೆ. ಗಾಲಿಕುರ್ಚಿಗೆ ಇಳಿಜಾರು ಮಾಡಿಸಬೇಕು, ತಳಪಾಯದ ಎತ್ತರ 75 ಸೆಂಟಿಮೀಟರ್. ನಿಯಮದ ಪ್ರಕಾರ ಒಂದಕ್ಕೆ ಹನ್ನೆರಡಕ್ಕಿಂತ ಕಡಿದಾಗಿರುವಂತಿಲ್ಲ, ಅಂದರೆ 9 ಮೀಟರ್ ಓಟ. ಎರಡೂ ತುದಿಗೆ ಒಂದೂವರೆ ಮೀಟರಿನ ಸಮತಟ್ಟು ಸೇರಿಸಿದರೆ 12 ಮೀಟರ್. ಅಂದಾಜು ಪಟ್ಟಿಯಲ್ಲಿ ‘ರ್‍ಯಾಂಪ್, ಒಂದು’ ಎಂದು ಒಂದೇ ಸಾಲಿನಲ್ಲಿ ಕೂತಿದ್ದ ವಸ್ತು ಪರದೆಯ ಮೇಲೆ ಬೈಕ್ ನಿಲ್ದಾಣವನ್ನು ದಾಟಿ ಹಲಸಿನ ಮರದ ಬುಡಕ್ಕೆ ಹೋಗಿ ನಿಲ್ಲುತ್ತದೆ. ಮಡಚಿ ಹಾಕಬೇಕೋ, ಹಿಂಬಾಗಿಲ ಕಡೆ ತಿರುಗಿಸಬೇಕೋ ಎಂಬ ಚರ್ಚೆ ಟೆಂಡರಿಗೆ ಮುಂಚೆಯೇ ಆಗುತ್ತದೆ. ಇದಕ್ಕೆ ಬೇಕಾದ ವಿವರ ಎಷ್ಟು? ಒಂದು ಪೆಟ್ಟಿಗೆ, ಒಂದು ಬಾಗಿಲು, ಒಂದು ಮರ.

ಬಿಸಿಲಿನ ಲೆಕ್ಕದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಸ್ಕೆಚ್‌ಅಪ್‌ನಲ್ಲಿ ಸ್ಥಳ ನಮೂದಿಸದೆ ನೆರಳು ನೋಡಿದರೆ ಅದು ತನ್ನ ತವರು ಬೋಲ್ಡರ್‌ನ ಸೂರ್ಯನನ್ನೇ ತೋರಿಸುತ್ತದೆ. ಬೋಲ್ಡರ್ ಇರುವುದು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಬೆಂಗಳೂರು 13ರಲ್ಲಿ. ಡಿಸೆಂಬರ್ 21ರ ನಡುಹಗಲು 12 ಮೀಟರ್ ಎತ್ತರದ ಕಟ್ಟಡದ ನೆರಳು ಬೋಲ್ಡರಿನಲ್ಲಿ 24 ಮೀಟರ್ ಚಾಚಿದರೆ ಬೆಂಗಳೂರಿನಲ್ಲಿ 9 ಮೀಟರ್ ಮಾತ್ರ. ಜೂನ್‌ನಲ್ಲಿ ದಿಕ್ಕೇ ಬದಲು. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಬೆಂಗಳೂರಿನ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಉತ್ತರದ ಗೋಡೆಗೆ ಸಜ್ಜಾ ಬೇಡವೆಂಬ ಪಾಠ ಯುರೋಪಿನ ಪುಸ್ತಕದ್ದು. ಸ್ಥಳ ಸರಿಯಾಗಿ ಕೊಟ್ಟ ಮಾದರಿ ಅದನ್ನು ಒಂದೇ ನೋಟಕ್ಕೆ ತಪ್ಪೆಂದು ತೋರಿಸುತ್ತದೆ.

ಶಕ್ತಿ ಬಳಕೆಯ ಅಂದಾಜಿಗೂ ಬೋಳು ಮಾದರಿಗಳೇ ಆಧಾರ. ಅಮೆರಿಕದ ಇಂಧನ ಇಲಾಖೆ 2001ರಲ್ಲಿ ಹೊರತಂದ ಎನರ್ಜಿಪ್ಲಸ್ ತಂತ್ರಾಂಶಕ್ಕೆ ಕಟ್ಟಡವನ್ನು ಉಷ್ಣ ವಲಯಗಳಾಗಿ ಒಡೆದು ಕೊಡಬೇಕು. ಗೋಡೆಯ ಅಲಂಕಾರ ಅದಕ್ಕೆ ಬೇಕಿಲ್ಲ, ಬೇಡ ಕೂಡ. 2008ರಲ್ಲಿ ಬಂದ ಓಪನ್‌ಸ್ಟುಡಿಯೊ ಸ್ಕೆಚ್‌ಅಪ್‌ನ ಪೆಟ್ಟಿಗೆಗಳನ್ನೇ ಎನರ್ಜಿಪ್ಲಸ್‌ಗೆ ಒಪ್ಪಿಸುವ ದಾರಿ ಮಾಡಿತು. 2016ರಲ್ಲಿ ಎಂಐಟಿಯ ಕ್ರಿಸ್ಟೋಫ್ ರೈನ್‌ಹಾರ್ಟ್ ತಂಡ ಬಾಸ್ಟನ್ ನಗರದ ಸುಮಾರು 1 ಲಕ್ಷ ಕಟ್ಟಡಗಳಿಗೆ ಹೀಗೆಯೇ ಲೆಕ್ಕ ಹಾಕಿತು. ಒಂದೊಂದು ಕಟ್ಟಡವನ್ನೂ ಒಳಹೊಕ್ಕು ನೋಡಲಾಗುವುದಿಲ್ಲವಲ್ಲ, ಆದ್ದರಿಂದ ಕಟ್ಟಿದ ಕಾಲ ಮತ್ತು ಬಳಕೆಗೆ ತಕ್ಕಂತೆ ಕೆಲವು ಮಾದರಿ ಬಗೆಗಳನ್ನು ಮಾಡಿಕೊಂಡು ಪ್ರತಿ ಕಟ್ಟಡವನ್ನೂ ಒಂದೊಂದು ಬಗೆಗೆ ಸೇರಿಸಿದರು.

ಈ ಉಪಕರಣಗಳೆಲ್ಲ ಕಿಟಕಿ ಮುಚ್ಚಿ ಬೆಚ್ಚಗೆ ಕೂರುವ ದೇಶಗಳಲ್ಲಿ ಹುಟ್ಟಿದವು. ನಮ್ಮ ಕ್ಯಾಂಪಸ್ಸುಗಳ ಜೀವ ಇರುವುದು ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗಗಳಲ್ಲಿ. ಬಾಲಕೃಷ್ಣ ದೋಶಿ ವಿನ್ಯಾಸ ಮಾಡಿದ ಬೆಂಗಳೂರಿನ ಐಐಎಂ ಇದಕ್ಕೆ ಒಳ್ಳೆಯ ಪರೀಕ್ಷೆ. ಫತೇಪುರ್ ಸಿಕ್ರಿಯಿಂದ ಪ್ರೇರಣೆ ಪಡೆದ ಅಲ್ಲಿನ ಕಲ್ಲಿನ ಕಾರಿಡಾರುಗಳು ಕೆಲವೆಡೆ ಮುಚ್ಚಿವೆ, ಕೆಲವೆಡೆ ಮೇಲೆ ಬರಿಯ ತೊಲೆಗಳು, ಅವುಗಳ ಮೇಲೆ ಬಳ್ಳಿ, ಇನ್ನು ಕೆಲವೆಡೆ ಪೂರ್ತಿ ಆಕಾಶ. ಕೊಠಡಿಗಳ ಪಟ್ಟಿ ಮಾಡುವ ತಂತ್ರಾಂಶಕ್ಕೆ ಈ ಕಾರಿಡಾರ್ ‘ಓಡಾಟದ ಜಾಗ’, ಅಂದರೆ ಕಡಿತ ಮಾಡಬಹುದಾದ ಜಾಗ. ಪಾಠ ಮುಗಿದ ಮೇಲೆ ನಿಜವಾದ ಚರ್ಚೆ ನಡೆಯುವುದು ಅಲ್ಲೇ ಎಂಬುದು ಅದರ ಲೆಕ್ಕಕ್ಕೆ ಬರದು. ಜಗಲಿ, ಪಡಸಾಲೆ, ಅಂಗಳ ಇರುವ ಕಟ್ಟಡವನ್ನು ಮಾದರಿ ಮಾಡುವವರು ಇಂಥ ಅರೆತೆರೆದ ಜಾಗಗಳಿಗೆ ಪ್ರತ್ಯೇಕ ಪದರವನ್ನೇ ಇಡುವುದು ಒಳ್ಳೆಯದು. ಇಲ್ಲವಾದರೆ ‘ವ್ಯರ್ಥ ಜಾಗ’ದ ಪಟ್ಟಿಯಲ್ಲಿ ಮೊದಲು ಬಲಿಯಾಗುವುದು ಅವೇ.

ಮಾದರಿಗೆ ಕಾಲವನ್ನು ಜೋಡಿಸಿದರೆ ಕೆಲಸದ ಹಂತಗಳು ಕಣ್ಣಿಗೆ ಕಟ್ಟುತ್ತವೆ. ಎರಡು ಸೆಮಿಸ್ಟರ್ ನಡುವಿನ ಬಿಡುವಿನಲ್ಲಿ ಯಾವ ಬ್ಲಾಕ್ ಮುಚ್ಚಬೇಕು, ಜಲ್ಲಿ ಲಾರಿ ಯಾವ ಗೇಟಿನಿಂದ ಬರಬೇಕು, ಒಂದು ಮೆಟ್ಟಿಲು ಬಂದ್ ಆದಾಗ ಬೆಂಕಿ ಬಿದ್ದರೆ ಹೊರಗೋಡಲು ಇನ್ನೊಂದು ಇದೆಯೇ. ಮಲೆನಾಡು, ಕರಾವಳಿಯಲ್ಲಿ ಇದರ ಜೊತೆ ಮುಂಗಾರಿನ ಲೆಕ್ಕವೂ ಸೇರುತ್ತದೆ. ಮಂಗಳೂರು ಹೆಂಚು ಇಳಿಸಿದ ಛಾವಣಿ ಜೂನ್ ಮೊದಲ ವಾರಕ್ಕೆ ಮತ್ತೆ ಮುಚ್ಚಿರಲೇಬೇಕು.

ಅಳತೆ ತೆಗೆಯುವ ಉಪಕರಣಗಳು ಈಚೆಗೆ ಅಗ್ಗವಾಗಿವೆ. 2020ರಿಂದ ಕೆಲವು ಐಪ್ಯಾಡ್ ಮತ್ತು ಐಫೋನುಗಳಲ್ಲಿ ಲೇಸರ್ ಅಳತೆಯ ಸೌಲಭ್ಯ ಬಂದಿದೆ, ಅದರ ವ್ಯಾಪ್ತಿ 5 ಮೀಟರ್. ಕೊಠಡಿಗೆ ಸಾಕು, ಸಭಾಂಗಣಕ್ಕೆ ಸಾಲದು. ಛಾವಣಿ ನೋಡಲು ಡ್ರೋನ್ ಹಾರಿಸುವವರು 2021ರ ಡ್ರೋನ್ ನಿಯಮಗಳನ್ನು ಗಮನಿಸಬೇಕು: ಹಸಿರು ವಲಯದಲ್ಲಿ 400 ಅಡಿಯವರೆಗೆ ಮುಂಗಡ ಅನುಮತಿ ಬೇಕಿಲ್ಲ, ವಿಮಾನ ನಿಲ್ದಾಣದ ಸುತ್ತಲಿನ ಹಳದಿ ವಲಯದಲ್ಲಿ ಬೇಕು. ಹೀಗೆ ಸಿಗುವ ಕೋಟಿಗಟ್ಟಲೆ ಬಿಂದುಗಳ ರಾಶಿಯನ್ನು ಮತ್ತೆ ಸರಳ ಗೋಡೆ, ಸರಳ ಮಹಡಿಯಾಗಿ ಇಳಿಸಿಕೊಳ್ಳುವುದಕ್ಕೇ ಹೆಚ್ಚು ಸಮಯ ಹಿಡಿಯುತ್ತದೆ ಎಂಬುದನ್ನು ಉಪಕರಣ ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ಇಷ್ಟೆಲ್ಲದರ ಮಿತಿ ಎಲ್ಲಿದೆ ಎಂದು ತಿಳಿಯಲು ಮೈಸೂರಿಗೆ ಹೋಗಬೇಕು. 2022ರ ಅಕ್ಟೋಬರಿನ ಮಳೆಗೆ ಅಲ್ಲಿನ ಮಹಾರಾಣಿ ವಿಜ್ಞಾನ ಕಾಲೇಜಿನ ಶತಮಾನ ದಾಟಿದ ಕಟ್ಟಡದಲ್ಲಿ ರಸಾಯನಶಾಸ್ತ್ರ ಪ್ರಯೋಗಾಲಯವಿದ್ದ ಭಾಗ ಕುಸಿಯಿತು. ಸುಣ್ಣದ ಗಾರೆಯ ಗೋಡೆ ಎಷ್ಟು ನೀರು ಕುಡಿದಿದೆ, ಒಳಗಿನ ಇಟ್ಟಿಗೆ ಎಷ್ಟು ಸವೆದಿದೆ ಎಂಬುದು ಮೇಲ್ಮೈಯ ಅಳತೆಯಿಂದ ಹುಟ್ಟಿದ ಯಾವ ಮಾದರಿಯಲ್ಲೂ ಕಾಣುವುದಿಲ್ಲ. ಇಂಗ್ಲೆಂಡಿನಲ್ಲಿ 2023ರ ಆಗಸ್ಟ್ ಕೊನೆಗೆ, ಶಾಲೆಗಳು ತೆರೆಯಲು ಕೆಲವೇ ದಿನವಿದ್ದಾಗ, 100ಕ್ಕೂ ಹೆಚ್ಚು ಶಾಲೆಗಳ ಕಟ್ಟಡಗಳನ್ನು ಪೂರ್ತಿಯಾಗಿಯೋ ಭಾಗಶಃವೋ ಮುಚ್ಚಬೇಕಾಯಿತು. ದಶಕಗಳ ಹಿಂದೆ ಬಳಸಿದ್ದ ಗುಳ್ಳೆಗಳಿಂದ ಕೂಡಿದ ಹಗುರ ಕಾಂಕ್ರೀಟ್ ಹಲಗೆಗಳು ಎಚ್ಚರಿಕೆಯಿಲ್ಲದೆ ಕುಸಿಯಬಲ್ಲವು ಎಂಬುದು ಕಾರಣ. ಯಾವ ಛಾವಣಿಯಲ್ಲಿ ಆ ಹಲಗೆ ಇದೆ ಎಂಬ ಪಟ್ಟಿಯೇ ಪೂರ್ತಿ ಇರಲಿಲ್ಲ. ಪ್ರತಿ ಕಟ್ಟಡದ ಪೆಟ್ಟಿಗೆಗೆ ಕಟ್ಟಿದ ವರ್ಷ, ಛಾವಣಿಯ ಬಗೆ, ಕೊನೆಯ ತಪಾಸಣೆಯ ದಿನಾಂಕ ಎಂಬ ಮೂರು ಅಂಕಣ ಸೇರಿಸಿದ್ದರೂ ಹುಡುಕಾಟ ಎಷ್ಟೋ ಹಗುರವಾಗುತ್ತಿತ್ತು. ಅಲಂಕಾರದ ವಿವರಕ್ಕಿಂತ ಇಂಥ ಒಣ ವಿವರಕ್ಕೆ ಬೆಲೆ ಹೆಚ್ಚು.

ಕೆಡವಬೇಕೋ ಉಳಿಸಬೇಕೋ ಎಂಬ ಪ್ರಶ್ನೆ ಬಂದಾಗ ಮಾದರಿಯ ಪಾತ್ರ ಇನ್ನೂ ಕಿರಿದು. ಲೂಯಿ ಕಾನ್ ವಿನ್ಯಾಸದ ಅಹಮದಾಬಾದ್ ಐಐಎಂನಲ್ಲಿ 2020ರ ಡಿಸೆಂಬರಿನಲ್ಲಿ 18 ವಿದ್ಯಾರ್ಥಿ ನಿಲಯಗಳ ಪೈಕಿ 14ನ್ನು ಕೆಡವುವ ಪ್ರಸ್ತಾವ ಬಂದು, ಜಗತ್ತಿನಾದ್ಯಂತ ವಿರೋಧ ಎದ್ದು, ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಅದೇ ಆವರಣದ ವಿಕ್ರಂ ಸಾರಾಭಾಯ್ ಗ್ರಂಥಾಲಯವನ್ನು ಬೃಂದಾ ಸೋಮಯ ಅವರ ಸಂಸ್ಥೆ ಜೀರ್ಣೋದ್ಧಾರ ಮಾಡಿದ ರೀತಿಗೆ 2019ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪ್ರಶಸ್ತಿ ಬಂದಿತ್ತು. ವಾದ ನಡೆದದ್ದು ಇಟ್ಟಿಗೆಯ ಗುಣಮಟ್ಟ, ಸೋರಿಕೆ, 2001ರ ಭೂಕಂಪದ ಪೆಟ್ಟು, ಮತ್ತು ಆ ಕಟ್ಟಡಗಳಿಗೆ ಇರುವ ಮಾನದ ಬಗ್ಗೆ. ಇವುಗಳಲ್ಲಿ ಒಂದಕ್ಕೂ ಪೆಟ್ಟಿಗೆಯ ಮಾದರಿ ಉತ್ತರ ಕೊಡದು.

ಇನ್ನೊಂದು ಅಪಾಯ ಮಾದರಿಯ ಚೆಲುವಿನದು. ಬಿಸಿಲು, ಹುಲ್ಲು, ನಗುವ ವಿದ್ಯಾರ್ಥಿಗಳನ್ನು ತುಂಬಿದ ಚಿತ್ರವನ್ನು ಆಡಳಿತ ಮಂಡಳಿಯ ಮುಂದಿಟ್ಟರೆ ಸದಸ್ಯರು ಟೈಲ್ಸ್ ಬಣ್ಣದ ಬಗ್ಗೆ ಮಾತಾಡಲು ತೊಡಗುತ್ತಾರೆ, ಶೌಚಾಲಯ ಎಷ್ಟಿವೆ ಎಂದು ಯಾರೂ ಕೇಳುವುದಿಲ್ಲ. ಬೂದು ಬಣ್ಣದ ಬೋಳು ಮಾದರಿ ಮದುವೆಗೆ ಮುಂಚಿನ ಖಾಲಿ ಚಪ್ಪರದ ಹಾಗೆ; ಇನ್ನೂ ಏನೇನು ಬೇಕು ಎಂದು ಪ್ರತಿಯೊಬ್ಬರೂ ಹೇಳಬಲ್ಲರು, ಹೇಳುತ್ತಾರೆ ಕೂಡ. ಅಟೆಂಡರ್, ಗ್ರಂಥಪಾಲಕ, ಹಾಸ್ಟೆಲ್ ವಾರ್ಡನ್ ಇವರಿಗೆ ಅದನ್ನು ತೋರಿಸಿದಾಗ ಬರುವ ಆಕ್ಷೇಪಗಳು ನಕ್ಷೆಯ ಹಾಳೆ ತೋರಿಸಿದಾಗ ಬರುವುದಿಲ್ಲ, ಏಕೆಂದರೆ ನಕ್ಷೆ ಓದುವುದು ಕಲಿತ ವಿದ್ಯೆ.

ಕೆಲಸ ಮುಗಿದ ಮೇಲೆ ಕಡತದ ಗತಿ ಏನು ಎಂಬುದು ಕೊನೆಯ ಪ್ರಶ್ನೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ 2009ರಲ್ಲೇ ದೊಡ್ಡ ನಿರ್ಮಾಣಗಳಿಗೆ ಡಿಜಿಟಲ್ ಮಾದರಿ ಕಡ್ಡಾಯ ಮಾಡಿ, ಅದನ್ನು ಹೇಗೆ ಒಪ್ಪಿಸಬೇಕೆಂಬ ಕೈಪಿಡಿ ಹೊರತಂದಿತು. ಕೈಪಿಡಿ ಇಲ್ಲದ ಕಡೆ ಪಾಡು ಬೇರೆ: ಗುತ್ತಿಗೆದಾರ ಕೊಟ್ಟ ಸಿಡಿ ಬೀರುವಿನಲ್ಲಿ, ತೆರೆಯುವ ತಂತ್ರಾಂಶ ಯಾರಲ್ಲೂ ಇಲ್ಲ. ರೆವಿಟ್‌ನ ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತ ಹಳೆಯ ಆವೃತ್ತಿಯಲ್ಲಿ ತೆರೆಯುವುದೇ ಇಲ್ಲ. ಇದಕ್ಕೆಂದೇ ಐಎಫ್‌ಸಿ ಎಂಬ ಮುಕ್ತ ಕಡತ ರೂಪವಿದೆ, 2013ರಲ್ಲಿ ಅದು ಐಎಸ್ಒ 16739 ಎಂಬ ಅಂತರರಾಷ್ಟ್ರೀಯ ಮಾನದಂಡವಾಯಿತು. ಬ್ಲೆಂಡರ್, ಫ್ರೀಕ್ಯಾಡ್‌ನಂಥ ಉಚಿತ ತಂತ್ರಾಂಶಗಳು ಅದನ್ನು ಓದಬಲ್ಲವು. ಬಾಗಿಲ ಮೇಲೆ ಬರೆದ ಕೊಠಡಿ ಸಂಖ್ಯೆಯೂ ಮಾದರಿಯ ಸಂಖ್ಯೆಯೂ ಒಂದೇ ಆಗಿದ್ದರೆ ವಿದ್ಯುತ್ ದೂರಿನಿಂದ ಹಿಡಿದು ಪರೀಕ್ಷಾ ಆಸನ ಹಂಚಿಕೆಯವರೆಗೆ ಅದೇ ಕಡತ ಬಳಕೆಯಲ್ಲಿ ಉಳಿಯುತ್ತದೆ. ದೊಡ್ಡ ಬಜೆಟ್ ಇಲ್ಲದ ಕಾಲೇಜಿಗೆ ಮೂರು ಪ್ರತಿ ಸಾಕು: ಐಎಫ್‌ಸಿ ಕಡತ, ಪ್ರತಿ ಮಹಡಿಯ ಪಿಡಿಎಫ್ ನಕ್ಷೆ, ಮತ್ತು ಕೊಠಡಿ ಸಂಖ್ಯೆ, ವಿಸ್ತೀರ್ಣ, ಬಳಕೆ ಬರೆದ ಒಂದು ಸಾದಾ ಕೋಷ್ಟಕ. ಪ್ರತಿ ದುರಸ್ತಿಯ ಅಂತಿಮ ಬಿಲ್ ಪಾವತಿಗೆ ಮುನ್ನ ಮೂರನ್ನೂ ತಿದ್ದಿ ಕೊಡಬೇಕೆಂಬ ಷರತ್ತನ್ನು ಕರಾರಿನಲ್ಲೇ ಸೇರಿಸಬಹುದು.